ಗೋಡೆಯಲ್ಲಿ ಒಂದು ಮಾರು ವೈರು

ಈ ಸಲ ರಜೆಗೆ ಬ್ರಹ್ಮಾವರದಿಂದ ಬಂದವರು ಚಪ್ಪಲಿ ಬಿಡುವ ಮೊದಲೇ ಕೇಳಿದಿರಿ: "ಅಜ್ಜಿ, ಟಿವಿ ಎಂತಕ್ಕೆ ಆ ಬದಿಗ್ ಹೋಯ್ತ್?" ನಾನು "ಸುಮ್ಮನೆ" ಎಂದು ಹೇಳಿ ಒಳಗೆ ಹೋಗಿ ಚಾಕ್ಕೆ ನೀರಿಟ್ಟೆ. ನನ್ನಿಂದ ಒಂದೇ ಸಲಕ್ಕೆ ಉತ್ತರ ಪಡೆದವರು ಯಾರೂ ಇಲ್ಲ. ನಿಮ್ಮ ಅಜ್ಜನೂ ಪಡೆದಿರಲಿಲ್ಲ. ಮಾತಾಡುವಾಗ ಎದುರಿಗಿದ್ದವರ ಮುಖ ಕಾಣುತ್ತದಲ್ಲ, ಆಗ ಹೇಳಬೇಕಾದದ್ದು ಗಂಟಲಲ್ಲೇ ಕೂತುಬಿಡುತ್ತದೆ. ಬರೆಯುವಾಗ ಎದುರಿಗೆ ಕಾಗದ ಮಾತ್ರ. ಊರಿನ ಶಾಲೆಯಲ್ಲಿ ಕಲಿತ ಅಕ್ಷರ ಇನ್ನೂ ಕೈಬಿಟ್ಟಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ. ಟಿವಿ ಯಾಕೆ ಆ ಬದಿಗೆ ಹೋಯಿತು ಎಂದು ಹೇಳಬೇಕಾದರೆ ಅದನ್ನು ಗೋಡೆಗೆ ಹಾಕಿದವರ ವಿಷಯ ಹೇಳಬೇಕು.

ನೀವು ಅವರನ್ನು ಟಿವಿ ಅಜ್ಜ ಎಂದು ಕರೆಯುತ್ತಿದ್ದಿರಿ. ಹೆಸರು ಬರೆಯುವುದಿಲ್ಲ. ನಮ್ಮ ಕೇರಿಯಲ್ಲಿ ಆ ಹೆಸರಿನವರು ಮನೆಗೊಬ್ಬರಂತೆ ಇದ್ದಾರೆ. ಬರೆದರೂ ಯಾರೆಂದು ತಿಳಿಯಲಿಕ್ಕಿಲ್ಲ. ಬೆಳ್ಳಗೆ ಇಸ್ತ್ರಿ ಹಾಕಿದ ಉದ್ದ ತೋಳಿನ ಅಂಗಿ, ಕಿಸೆಯಲ್ಲಿ ಪೆನ್ನು ಇರಬೇಕಾದ ಕಡೆ ಹಳದಿ ಹಿಡಿಯ ಟೆಸ್ಟರ್ ಎಂದರೆ ನಿಮಗೆ ನೆನಪಾದೀತು. ಆ ಟೆಸ್ಟರ್ ಇಲ್ಲದೆ ಅವರು ಮದುವೆಗೂ ಹೋಗುತ್ತಿರಲಿಲ್ಲ, ಹೆಣದ ಮನೆಗೂ ಹೋಗುತ್ತಿರಲಿಲ್ಲ. ನಿಮ್ಮ ಅಜ್ಜನನ್ನು ಅವರು ಅಣ್ಣ ಎನ್ನುತ್ತಿದ್ದರು, ಅದಕ್ಕೆ ನಾನು ಅತ್ತಿಗೆ. ರಕ್ತಸಂಬಂಧ ಏನೂ ಇಲ್ಲ. ಹುಡುಗುಪ್ರಾಯದಲ್ಲಿ ಇಬ್ಬರೂ ಒಂದೇ ಬೋಟಿನಲ್ಲಿ ಕೆಲಸ ಮಾಡಿದವರು, ಅಷ್ಟೇ.

ಆಮೇಲೆ ಅವರು ಬಲೆ ಬಿಟ್ಟು ವೈರು ಹಿಡಿದರು. ಬೋಟಿನ ದೀಪ, ಬ್ಯಾಟರಿ, ವಯರ್‌ಲೆಸ್ಸು, ಎಲ್ಲದಕ್ಕೂ ಬಂದರಿನಲ್ಲಿ ಅವರೇ ಬೇಕು. ಮಳೆಗಾಲದಲ್ಲಿ ಬೋಟುಗಳನ್ನು ದಡಕ್ಕೆ ಎಳೆದು ಹಾಕಿದ ಮೇಲೆ ಊರ ಮನೆಗಳ ವೈರಿಂಗ್ ಮಾಡುತ್ತಿದ್ದರು. ಬೋಟಿನ ಕೆಲಸ ಅವರ ತಲೆಗೆ ಒಂದು ಹುಳ ಬಿಟ್ಟಿತ್ತು. ಬೋಟಿನಲ್ಲಿ ವೈರು ಹೊರಗೆ ಕಂಡರೆ ಕೆಲವೇ ದಿನಗಳಲ್ಲಿ ಉಪ್ಪುಗಾಳಿ ಅದನ್ನು ತಿಂದು ಹಸಿರು ಮಾಡಿಬಿಡುತ್ತದೆ. ಅದರಿಂದ ಎಲ್ಲ ವೈರನ್ನೂ ಹಲಗೆಯ ಹಿಂದೆ ಅಡಗಿಸಬೇಕು. ಅದನ್ನೇ ಮಾಡಿ ಮಾಡಿ ಕೊನೆಗೆ ಎಲ್ಲಿ ವೈರು ಕಂಡರೂ ಅವರ ಮೈ ಉರಿಯುವುದಕ್ಕೆ ಶುರುವಾಯಿತು. ಯಾರದೇ ಮನೆಗೆ ಬಂದರೂ ಮೊದಲು ಜನರನ್ನು ನೋಡುತ್ತಿರಲಿಲ್ಲ. ಗೋಡೆ ನೋಡುವುದು, ತಲೆ ಎತ್ತಿ ಮಾಡು ನೋಡುವುದು, "ಅಬ್ಬಬ್ಬ, ಎಂತ ಮಾರಾಯ್ರೆ ಇದ್, ಹರ್ಕ್ ಬಲಿ ಒಣ್ಗ್ಸುಕ್ ಹಾಕಿದಂಗ್ ಇತ್ತ್!" ಎನ್ನುವುದು. ಆಮೇಲೆ ಕ್ಷೇಮಸಮಾಚಾರ.

ಒಮ್ಮೆ ವಂಡ್ಸೆಯ ಕಡೆ ಒಂದು ಮದುವೆಗೆ ನಾವೆಲ್ಲ ಒಟ್ಟಿಗೆ ಹೋಗಿದ್ದೆವು. ಊಟಕ್ಕೆ ಎಲೆ ಹಾಕಿ ಅನ್ನ ಬಡಿಸಿ ಆಗಿತ್ತು. ನಾನು ಹೆಂಗಸರ ಸಾಲಿನಲ್ಲಿ ಕೂತವಳು ನೋಡುತ್ತೇನೆ, ಎದುರು ಸಾಲಿನಲ್ಲಿ ಟಿವಿ ಅಜ್ಜ ತುತ್ತು ಎತ್ತಿ ಅದನ್ನು ಬಾಯಿಗೂ ಇಡದೆ ಕೆಳಗೂ ಇಡದೆ ಮೇಲೆ ನೋಡುತ್ತಿದ್ದಾರೆ. ಚಪ್ಪರದ ಕಂಬದಿಂದ ದೀಪದ ಸರದ ವೈರು ಒಂದು ತುಂಡು ಜೋತಾಡುತ್ತಿತ್ತು. ಎದ್ದೇಬಿಟ್ಟರು. ಎಂಜಲಾದ ಬಲಗೈಯನ್ನು ಮೇಲೆತ್ತಿ ಹಿಡಿದು ಎಡಗೈಯಿಂದ ಆ ವೈರನ್ನು ತೆಂಗಿನ ಗರಿಯ ಒಳಗೆ ಸಿಕ್ಕಿಸಲು ಹೊರಟರು.

ಮದುಮಗಳ ಸೋದರಮಾವ ಓಡಿ ಬಂದರು. "ಹ್ವಾಯ್, ಎಲಿ ಬಿಟ್ಟ್ ಏಳುಕಾಗ! ಬಡ್ಸದ್ ಸಮ ಆಯ್ಲಿಲ್ಯಾ?"

"ಬಡ್ಸದ್ ಲಾಯ್ಕಿತ್ತ್. ನೀವ್ ಆಚಿ ಹೋಯ್ನಿ. ನಂಗ್ ಅದ್ ಕಂಡ್ರೆ ಅನ್ನ ಇಳೀತಿಲ್ಲೆ."

ಸಾಲಿನವರೆಲ್ಲ ನಕ್ಕರು. ಅವರು ಕೆಲಸ ಮುಗಿಸಿ ಬಂದು ಕೂತು ಏನೂ ಆಗದವರಂತೆ ಪಾಯಸದವರೆಗೆ ಉಂಡರು.

ಜಂಬ ಅವರಿಗೆ ಕಡಿಮೆ ಇರಲಿಲ್ಲ. ಗಂಗೊಳ್ಳಿಯಿಂದ ಭಟ್ಕಳದವರೆಗೆ ತನ್ನ ಕೈ ಮುಟ್ಟದ ಬೋಟು ಇಲ್ಲ ಎನ್ನುತ್ತಿದ್ದರು. ತಾನು ಅಡಗಿಸಿದ ವೈರನ್ನು ಇಲಿ ಕೂಡ ಹುಡುಕಲಾರದು ಎನ್ನುತ್ತಿದ್ದರು. ಈ ಎರಡನೆಯ ಮಾತೇ ಅವರಿಗೆ ಮುಳುವಾದದ್ದು. ಯಡ್ತರೆಯಲ್ಲಿ ಒಂದು ಮನೆಗೆ ವೈರಿಂಗ್ ಮಾಡಿ, ಗೋಡೆಯ ಒಳಗೆ ಹತ್ತಿರದ ದಾರಿ ಹಿಡಿದು ಓರೆಯಾಗಿ ವೈರು ಎಳೆದು, ಮೇಲೆ ಚಂದ ಮಾಡಿ ಗಾರೆ ಮೆತ್ತಿದ್ದರು. ಕೆಲವು ಕಾಲದ ಮೇಲೆ ಆ ಮನೆಯ ಸೊಸೆ ಕ್ಯಾಲೆಂಡರಿಗೆ ಮೊಳೆ ಹೊಡೆದಳು, ಫಟ್ಟೆಂದು ಶಬ್ದವಾಗಿ ಮನೆಯಿಡೀ ಕತ್ತಲೆ. ಅವಳಿಗೆ ಏನೂ ಆಗಲಿಲ್ಲ, ದೇವರು ದೊಡ್ಡವನು. ಇವರು ಹೋಗಿ ನೋಡಿದರೆ ವೈರು ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ಇವರಿಗೇ ನೆನಪಿಲ್ಲ! ಬೆರಳಲ್ಲಿ ಗೋಡೆ ತಟ್ಟುತ್ತ, ಕಿವಿ ಇಡುತ್ತ, ಮನೆಯಿಡೀ ತಿರುಗಿದರಂತೆ. ಆ ಮನೆಯ ಹಿರಿಯ ಹೆಂಗಸು ಜಗಲಿಯಲ್ಲಿ ಕೂತು ಎಲೆ ಜಗಿಯುತ್ತ ಕೇಳಿದಳಂತೆ:

"ಎಂತ, ಗೋಡಿ ಏನಾರೂ ಹೇಳ್ತಾ?"

"ಇಲ್ಲೆ ಅಮ್ಮ. ನಾ ಗುಟ್ಟ್ ಮಾಡ್ ಅಂದಿದ್ದೆ, ಅದ್ ನಂಗೂ ಹೇಳ್ತಿಲ್ಲೆ."

ಇದನ್ನು ಅವರೇ ನಮ್ಮ ಚಾವಡಿಯಲ್ಲಿ ಕೂತು ಅಭಿನಯ ಮಾಡಿ ತೋರಿಸಿದ್ದು. ಆದರೆ ಕೊನೆಗೆ ನಗು ನಿಲ್ಲಿಸಿ ನಿಮ್ಮ ಅಜ್ಜನಿಗೆ ಹೇಳಿದರು: "ಆ ಹೆಣ್ಣಿನ್ ಕೈ ನೆನ್ಸಕಂಡ್ರೆ ಈಗ್ಳೂ ನಿದ್ರಿ ಬತ್ತಿಲ್ಲೆ ಅಣ್ಣ." ಆಮೇಲೆ ಅವರು ಯಾವ ಗೋಡೆಯಲ್ಲೂ ವೈರನ್ನು ಓರೆ ಎಳೆಯಲಿಲ್ಲ. ಬೋರ್ಡಿನಿಂದ ಸೀದಾ ಅಡ್ಡ, ಇಲ್ಲವೇ ಸೀದಾ ಮೇಲೆ. ಅಡಗಿಸಿಟ್ಟದ್ದು ಎಲ್ಲಿದೆ ಎಂದು ನಾಳೆ ಬರುವವನಿಗೆ ತಿಳಿಯಬೇಕು, ಅದು ಅವರ ಹೊಸ ನಿಯಮವಾಯಿತು.

ಇನ್ನೊಂದು ಅಭ್ಯಾಸವೂ ಬೋಟಿನಿಂದಲೇ ಬಂದದ್ದು. ಬೋಟು ತೆರೆಯ ಮೇಲೆ ಆಡುತ್ತದೆ, ವೈರು ಬಿಗಿಯಾಗಿದ್ದರೆ ಹರಿಯುತ್ತದೆ. ಅದಕ್ಕೆ ಎಲ್ಲ ಕಡೆಯೂ ಒಂದು ಮೊಳ ಹೆಚ್ಚು ಬಿಟ್ಟು ಸುತ್ತಿ ಇಡುತ್ತಾರೆ. ಇವರು ಅದನ್ನು ಮನೆಗಳಲ್ಲೂ ಮಾಡುತ್ತಿದ್ದರು. ಒಂದು ಪಂಪುಶೆಡ್ಡಿಗೆ ವೈರು ಎಳೆದರೂ ಮೊಳ ಹೆಚ್ಚು. "ಮನಿ ಎಂತ ಸಮುದ್ರಕ್ ಹೋತ್ತಾ?" ಎಂದು ಜನ ಗೇಲಿ ಮಾಡುತ್ತಿದ್ದರು. ಅವರ ಉತ್ತರ ಸಿದ್ಧ ಇರುತ್ತಿತ್ತು: "ಮನಿ ಹೋತ್ತಿಲ್ಲೆ. ಮನಿ ಒಳ್ಗ್ ಇದ್ದವ್ರ್ ಸುಮ್ನೆ ಕೂಕಂತ್ರಾ? ಇವತ್ತ್ ಫ್ರಿಜ್ ಇಲ್ಲಿ ಅಂತ್ರ್, ನಾಳೆ ಅಲ್ಲಿ ಅಂತ್ರ್. ಗಂಟ್ ಹಾಕಿ ಜೋಡ್ಸಿದ್ ವೈರ್‌ನ ನಾ ನಂಬುದಿಲ್ಲೆ."

ಇಷ್ಟು ಮಾತಾಡುವ ಮನುಷ್ಯನ ಹೆಂಡತಿಗೆ ಕಿವಿ ಕೇಳುತ್ತಿರಲಿಲ್ಲ. ಹುಟ್ಟಿನಿಂದಲೇ. ಅದಕ್ಕೆ ಮನೆಯಲ್ಲಿ ಮಾತು ಉಳಿಸಿ ಊರಲ್ಲಿ ಖರ್ಚು ಮಾಡುತ್ತಾರೆ ಎಂದು ನಿಮ್ಮ ಅಜ್ಜ ತಮಾಷೆ ಮಾಡುತ್ತಿದ್ದರು. ಆದರೆ ಆ ಇಬ್ಬರು ಎದುರುಬದುರು ಕೂತು ಕೈಯಲ್ಲಿ, ಕಣ್ಣಲ್ಲಿ, ಹುಬ್ಬಿನಲ್ಲಿ ಮಾತಾಡಿಕೊಳ್ಳುವುದನ್ನು ನಾನು ನೋಡಿದ್ದೇನೆ. ನೋಡಿದರೆ ಯಾರಿಗೂ ಹೊಟ್ಟೆಕಿಚ್ಚು ಬರಬೇಕು. ಇಷ್ಟು ವರ್ಷ ಮುಖ ಓದಿ ಸಂಸಾರ ಮಾಡಿದವರ ಎದುರು ನಾನು ಸುಮ್ಮನಿದ್ದರೆ ಅದು ಸುಮ್ಮನಿದ್ದ ಹಾಗೆ ಆಗುತ್ತದೆಯೇ? ನನಗೆ ಇದು ಆಗ ಹೊಳೆಯಲಿಲ್ಲ.

ಈಗ ಗೋಡೆಯ ವಿಷಯ. ನಮ್ಮ ಮನೆಯ ಉಳಿದ ಗೋಡೆಗಳೆಲ್ಲ ಕೆಂಪು ಕಲ್ಲಿನವು. ಚಾವಡಿಯ ಆ ಒಂದು ಗೋಡೆ ಮಾತ್ರ ಇಟ್ಟಿಗೆಯದು. ಹೊಳೆಯಾಚೆ ಒಂದು ಹಳೆಯ ಹೆಂಚಿನ ಕಾರ್ಖಾನೆಯನ್ನು ಕೆಡವಿದಾಗ ನಿಮ್ಮ ಅಜ್ಜ ಅದರ ಇಟ್ಟಿಗೆಗಳನ್ನು ದೋಣಿಗೆ ಹೇರಿಕೊಂಡು ಬಂದರು. ಮೀನು ತರುವ ದೋಣಿಯಲ್ಲಿ ಗೋಡೆ ತಂದವನು ಎಂದು ಕೇರಿಯವರು ಬಹಳ ದಿನ ನಗಾಡಿದರು. ಅವರು ಅದಕ್ಕೆ ಗಾರೆ ಮಾಡಿಸಲಿಲ್ಲ. ಇಟ್ಟಿಗೆ, ನಡುವೆ ಬೆರಳು ದಪ್ಪದ ಸುಣ್ಣದ ಸಂದು, ಮತ್ತೆ ಇಟ್ಟಿಗೆ, ಹಾಗೇ ಕಾಣುವಂತೆ ಬಿಟ್ಟರು. ಸಂಜೆ ಅದೇ ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿ ಕೂತು, ಬಲೆಯ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು, ಅದರ ಹರಿದ ಕಣ್ಣುಗಳನ್ನು ಹೆಣೆಯುತ್ತಿದ್ದರು. ಅವರ ತಲೆಯಲ್ಲಿ ಯಾವಾಗಲೂ ತೆಂಗಿನೆಣ್ಣೆ. ಒರಗಿ ಒರಗಿ ಆ ಎಣ್ಣೆಯನ್ನು ಇಟ್ಟಿಗೆ ಕುಡಿಯಿತು. ತಲೆ ತಾಗುವಲ್ಲಿ ಒಂದು ಕಪ್ಪು ಹೊಳಪು, ಅದರ ಕೆಳಗೆ ಹೆಗಲು ತಾಗುವಲ್ಲಿ ಅಗಲವಾಗಿ ಇನ್ನೊಂದು, ಸ್ವಲ್ಪ ಮಾಸಲು. ಅವರು ಇದ್ದಾಗ ಅದನ್ನು ಬೂದಿ ಹಾಕಿ ತಿಕ್ಕಿದವಳು ನಾನೇ. ಹೋಗಲಿಲ್ಲ. ಅವರು ಹೋದ ಮೇಲೆ ನಾನು ಅದನ್ನು ತಿಕ್ಕಲಿಲ್ಲ. ಚಾವಡಿ ಗುಡಿಸುವಾಗ ಅಲ್ಲಿಗೆ ಬಂದರೆ ಕಸಬರಿಗೆ ತಾನಾಗಿ ನಿಲ್ಲುತ್ತಿತ್ತು. ಅವರ ಫೋಟೋ ಇದೆ, ಮಾಲೆ ಹಾಕಿದ್ದೇವೆ. ಆದರೆ ಫೋಟೋದಲ್ಲಿ ಅವರು ಯಾರದೋ ಕೋಟು ಹಾಕಿಕೊಂಡು ಬಿಗಿಯಾಗಿ ಕೂತಿದ್ದಾರೆ. ನನಗೆ ಗುರುತು ಸಿಗುವುದು ಗೋಡೆಯಲ್ಲಿ.

ಅಜ್ಜ ಹೋದ ಮೇಲೆ ಮಕ್ಕಳು ರಜೆಗೆ ಬಂದರೆ ಮನೆ ಭಣಭಣ ಎನ್ನುತ್ತದೆ ಎಂದು ನನ್ನ ಮಗ, ನಿಮ್ಮ ಮಾವ, ದೊಡ್ಡ ಟಿವಿ ತಂದ. ತನ್ನ ಮೀನಿನ ಟೆಂಪೋದಲ್ಲೇ ಕುಂದಾಪುರದಿಂದ ತಂದದ್ದು. ಪೆಟ್ಟಿಗೆಗೆ ಬಂಗುಡೆ ವಾಸನೆ ಹಿಡಿದಿತ್ತು. ಗೋಡೆಗೆ ಹಾಕಲು ಟಿವಿ ಅಜ್ಜ ಬಂದರು.

"ಚಿಕ್ಕಪ್ಪಯ್ಯ, ಸಮಾ ಮಧ್ಯಕ್ಕೇ ಹಾಕಿ," ಎಂದ ನಿಮ್ಮ ಮಾವ. "ಆ ಎಣ್ಣಿ ಕಲೆಯೂ ಮುಚ್ಚಿ ಹೋತ್ತ್."

ಅವನ ತಪ್ಪಲ್ಲ. ಹುಟ್ಟಿದಾಗಿನಿಂದ ನೋಡಿದ ಗೋಡೆ, ದಿನವೂ ಕಂಡದ್ದು ಕಣ್ಣಿಗೆ ಬೀಳುವುದಿಲ್ಲ. ನಾನು ಅಡಿಗೆಕೋಣೆಯ ಬಾಗಿಲಲ್ಲಿ ನಿಂತಿದ್ದೆ. ಇವರು ಗೋಡೆಯ ಹತ್ತಿರ ಹೋಗಿ ಆ ಕಪ್ಪು ಹೊಳಪಿನ ಮೇಲೆ ಅಂಗೈ ಇಟ್ಟರು. ಆಮೇಲೆ ತಿರುಗಿ ನನ್ನ ಮುಖ ನೋಡಿದರು.

"ಅತ್ತಿಗೆ, ಇಲ್ಲೇ ಅಕ್ಕಾ?"

"ಅಕ್ಕ್," ಎಂದು ಒಪ್ಪಿಕೊಂಡೆ.

"ಆಚಿ ಬದಿಗ್ ಹಾಕ್ರೂ ಲಾಯ್ಕ್ ಕಾಣತ್ತ್."

"ಎಲ್ಲಿ ಹಾಕ್ರೂ ಅಕ್ಕ್."

"ಎಲ್ಲಿ ಹಾಕ್ರೂ ಅಂದ್ರೆ ಮಾಡಿನ್ ಮೇಲೂ ಅಕ್ಕಾ?"

ನಿಮ್ಮ ಮಾವ ನಕ್ಕ, ನಿಮ್ಮ ಅತ್ತೆ ನಕ್ಕಳು, ನಾನೂ ನಕ್ಕೆ. ನಕ್ಕ ಮೇಲೆ ಹೇಳಬೇಕಾದದ್ದು ಇನ್ನೂ ಒಳಗೆ ಹೋಯಿತು. ಮಗ ಅಷ್ಟು ಆಸೆಯಿಂದ ತಂದದ್ದು. ಒಂದು ಎಣ್ಣೆ ಕಲೆಗಾಗಿ ಬೇಡ ಎನ್ನುವುದು ಹೇಗೆ?

"ಮೆಷಿನ್ ತರ್ಲಿಲ್ಯಾ ಚಿಕ್ಕಪ್ಪಯ್ಯ? ಬೇಗ ಆತಿತ್ತ್," ಎಂದ ಅವನು.

"ಮೆಷಿನ್ ಇಟ್ಗಿ ತಿಂತ್ ಮಗಾ. ನಾ ಸಂದ್ ಮಾತ್ರ ತಿಂಬುದ್. ನಿನ್ ಅಪ್ಪಯ್ಯ ದೋಣಿ ಮೇಲೆ ತಂದ್ ಇಟ್ಗಿ ಇದ್, ಒಂದೂ ಒಡೂಕಾಗ. ನೀ ಹೋಯ್, ನಿನ್ ಮೀನ್ ಹಾಳಾತ್ತ್."

ಅವನು ಬಂದರಿಗೆ ಹೋದ. ಅತ್ತೆ ಬಾವಿಕಟ್ಟೆಗೆ ಹೋದಳು. ಇವರು ಅಂಗಿ ಬಿಚ್ಚಿ ಮಡಚಿಟ್ಟು, ಬೈರಾಸು ತಲೆಗೆ ಸುತ್ತಿ, ಕೂತು ಕೆಲಸಕ್ಕೆ ಹಿಡಿದರು. ನಾನು ನೆಲಕ್ಕೆ ಹಳೆಯ ಸೀರೆ ಹಾಸಿದೆ. ಕಿಟಕಿಯ ಬದಿಯ ಕರೆಂಟಿನ ಬೋರ್ಡಿನಿಂದ ಇಟ್ಟಿಗೆಯ ಒಂದೇ ಸಾಲಿನ ಸಂದು ಹಿಡಿದು, ಸಣ್ಣ ಉಳಿಯಿಂದ ಸುಣ್ಣವನ್ನು ಒಂದಿಷ್ಟಿಷ್ಟೇ ಕೆರೆದು ತೆಗೆಯುತ್ತ ಹೋದರು. ಆ ಸಂದಿನ ಆಳಕ್ಕೆ ಚಪ್ಪಟೆ ವೈರನ್ನು ಕೂರಿಸಿ, ಮೇಲಿಂದ ಸುಣ್ಣ ಮರಳು ಕಲಸಿ ತುಂಬಿ, ಇಟ್ಟಿಗೆಯ ಪುಡಿ ಉದುರಿಸಿ ಬೆರಳಿಂದ ಸವರಿದರು. ಡಿಶ್ಶಿನ ವೈರಿಗೆ ಕೆಳಗಿನ ಬೇರೆ ಸಂದು. ಸವರಿದ ಮೇಲೆ ನೋಡಿದರೆ ಕೆರೆದದ್ದು ಎಲ್ಲಿ ಎಂದು ನನಗೆ ತಿಳಿಯಲಿಲ್ಲ. ಇಟ್ಟಿಗೆಯ ಒಂದು ಮೂಲೆಯೂ ಮುಕ್ಕಾಗಿರಲಿಲ್ಲ.

ಟಿವಿ ಕೂರುವ ಜಾಗ ಮುಗಿಯಿತು. ಆದರೂ ಉಳಿಯ ಶಬ್ದ ನಿಲ್ಲಲಿಲ್ಲ. ಇಣುಕಿ ನೋಡಿದರೆ ಅದೇ ಸಂದುಗಳಲ್ಲಿ ಇನ್ನೂ ಮುಂದೆ, ಅಡಿಗೆಕೋಣೆಯ ಬಾಗಿಲಿನ ಕಡೆಗೆ ಕೆರೆದುಕೊಂಡು ಬರುತ್ತಿದ್ದಾರೆ. ನಾನು ಯಾರನ್ನೂ ಪ್ರಶ್ನೆ ಕೇಳುವವಳಲ್ಲ, ಆದರೂ ಕೇಳಿದೆ.

"ಇಲ್ಲಿಗ್ ಎಂತಕ್ಕೆ?"

"ಕೈ ತಪ್ಪಿ ಬಂತ್ ಅತ್ತಿಗೆ. ವಯಸ್ಸ್ ಆಯ್ತಲೆ."

ಅವರ ಬಾಯಿಂದ ಕೈ ತಪ್ಪಿತು ಎಂಬ ಮಾತು ಕೇಳಿ ನನಗೆ ಅಯ್ಯೋ ಎನಿಸಿತು. ಇಷ್ಟು ಜಂಬದ ಮನುಷ್ಯ ಹೀಗೆ ಹೇಳಬೇಕಾದರೆ ನಿಜಕ್ಕೂ ಪ್ರಾಯವಾಯಿತು ಎಂದುಕೊಂಡು, ಗಂಜಿ ತಿಳಿಗೆ ಉಪ್ಪು ಹಾಕಿ ತಂದುಕೊಟ್ಟೆ. ತಪ್ಪಿ ಕೆರೆದದ್ದಕ್ಕೆ ಅಂಗಳದ ಕೆಂಪು ಮಣ್ಣು ಕಲಸಿ ಮೆತ್ತಿದರು. ಆಮೇಲೆ ಕೇಳಿದರು, "ಅಣ್ಣನ್ ಬಲಿ ನೂಲ್ ಒಂದ್ ತುಂಡ್ ಇತ್ತಾ?" ನಿಮ್ಮ ಅಜ್ಜನ ಚೀಲದಿಂದ ನೀಲಿ ನೂಲು ತೆಗೆದುಕೊಟ್ಟೆ. ಏನಕ್ಕೆ ಎಂದು ಕೇಳಲಿಲ್ಲ. ಒಂದು ದಿನಕ್ಕೆ ಒಂದು ಪ್ರಶ್ನೆ ಸಾಕು ನನಗೆ.

ಸಾಮಾನು ಕಟ್ಟಿಕೊಳ್ಳುವಾಗ ಹೇಳಿದರು: "ಅತ್ತಿಗೆ, ನಾ ವೈರ್ ಅಡ್ಗ್ಸ್ತೆ, ನೀವ್ ಮಾತ್ ಅಡ್ಗ್ಸ್ತ್ರಿ. ಇಬ್ರದ್ದೂ ಒಂದೇ ಕಸ್ಬ್. ಆದ್ರೆ ನಂದ್ ಎಲ್ಲಿತ್ತ್ ಅಂದೇಳಿ ನಂಗ್ ಗೊತ್ತಿತ್ತ್."

ನಾನು ನೆಲದ ಸೀರೆ ಮಡಚುತ್ತ ಹೇಳಿದೆ, "ಟಿವಿ ಮಕ್ಳಿಗ್ ಸಮ ಕಾಣ್ಕಲೆ."

"ಕಾಣ್ಕ್. ಕಾಣ್ಲಿ. ನೀವ್ ಹೇಳ್ದೆ ನಾನೇ ಹೇಳ್ರೆ ಅದ್ ನನ್ ಮಾತ್ ಆತ್ತ್. ಟಿವಿ ಎಂತ ಮರ ಅಲ್ಲ, ಬೇರ್ ಬಿಡುಕೆ. ಹೇಳುವ ದಿನ ಹೇಳಿ, ಬತ್ತೆ."

ಟಿವಿ ಚಂದ ಕಾಣುತ್ತಿತ್ತು. ಒಂದು ವೈರೂ ಕಾಣದೆ, ಗೋಡೆಗೆ ಅಂಟಿಸಿದ ಕಿಟಕಿಯ ಹಾಗೆ. ನೀವು ಬಂದಾಗ ಮನೆ ತುಂಬ ಗಲಾಟೆ, ಅದೂ ಚಂದವೇ. ನೀವು ಹೋದ ಮೇಲೆ ಚಾವಡಿ ಗುಡಿಸುವಾಗ ಮಾತ್ರ ಕಸಬರಿಗೆ ಅಲ್ಲಿ ನಿಲ್ಲಬೇಕೋ ಬೇಡವೋ ಎಂದು ತಿಳಿಯದೆ ಕೈ ಕಕ್ಕಾಬಿಕ್ಕಿಯಾಗುತ್ತಿತ್ತು. ಟಿವಿ, ಅದರ ಕೆಳಗೆ ಡಿಶ್ಶಿನ ಪೆಟ್ಟಿಗೆಯ ಹಲಗೆ, ಎರಡೂ ಸೇರಿ ಎಲ್ಲವನ್ನೂ ಮುಚ್ಚಿದ್ದವು. ಒಂದೆರಡು ಸಲ ಯಾರೂ ಇಲ್ಲದಾಗ ಟಿವಿಯ ಹಿಂದೆ ಕೈ ತೂರಿಸಿ ನೋಡಿದೆ. ಬೆರಳಿಗೆ ಧೂಳು ಸಿಕ್ಕಿತು, ಇಟ್ಟಿಗೆ ಸಿಗಲಿಲ್ಲ.

ಆಮೇಲೆ ಅವರು ಎಲ್ಲಿ ಸಿಕ್ಕಿದರೂ, ಮೀನು ಮಾರ್ಕೆಟ್ಟಿನಲ್ಲಾಗಲಿ ಬೈಂದೂರು ಬಸ್‌ಸ್ಟ್ಯಾಂಡಿನಲ್ಲಾಗಲಿ, ದೂರದಿಂದಲೇ ಕೂಗುತ್ತಿದ್ದರು.

"ಹ್ವಾಯ್ ಅತ್ತಿಗೆ, ಟಿವಿ ಹ್ಯಾಂಗಿತ್ತ್?"

"ಲಾಯ್ಕಿತ್ತ್."

"ಮತ್ತೆಂತ ಹೇಳುಕಿಲ್ಯಾ?"

"ಇಲ್ಲೆ."

"ಅಕ್ಕ್. ನಂಗೂ ಅರ್ಜೆಂಟ್ ಇಲ್ಲೆ."

ಸುತ್ತ ನಿಂತವರು ಇವರು ಟಿವಿ ರಿಪೇರಿಯ ಗಿರಾಕಿ ಹಿಡಿಯುತ್ತಿದ್ದಾರೆ ಎಂದುಕೊಳ್ಳುತ್ತಿದ್ದರು. ನನಗೆ ನಾಚಿಕೆ. ಸೆರಗು ಎಳೆದುಕೊಂಡು ಹೋಗಿಬಿಡುತ್ತಿದ್ದೆ. ಮುಂದಿನ ಸಲ ಹೇಳಬೇಕು ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಮಾತು ಜೋಡಿಸುತ್ತ ಹೋಗುವುದು, ಮುಂದಿನ ಸಲ ಮತ್ತೆ ಲಾಯ್ಕಿತ್ತ್ ಎನ್ನುವುದು. ಕೇಳುವವರು ಇದ್ದಾರಲ್ಲ, ಯಾವಾಗಲಾದರೂ ಹೇಳಬಹುದು ಎಂಬ ಧೈರ್ಯವೇ ನನ್ನನ್ನು ಸುಮ್ಮನಿರಿಸಿತೋ ಏನೋ.

ಮಳೆ ಮುಗಿದು ಬೋಟುಗಳು ನೀರಿಗಿಳಿಯುವ ದಿನಗಳಲ್ಲಿ ಅವರು ಹೋದರು. ಬೆಳಿಗ್ಗೆ ಬಂದರಿಗೆ ಹೊರಟವರು ಮೆಟ್ಟಿಲಲ್ಲಿ ಕೂತರು, ಮತ್ತೆ ಏಳಲಿಲ್ಲ. ಕಿಸೆಯಲ್ಲಿ ಟೆಸ್ಟರ್ ಇತ್ತಂತೆ.

ನಾನು ಅವರ ಮನೆಯ ಒಳಗೆ ಹೋದದ್ದು ಆ ದಿನವೇ ಮೊದಲು. ಅಷ್ಟು ಕಾಲ ಜಗಲಿಯವರೆಗೆ ಹೋಗಿ ಬಂದವಳು. ಒಳಗೆ ಕೂತು ತಲೆ ಎತ್ತಿದರೆ ಗೋಡೆಯ ತುಂಬ ವೈರು! ಊರಿನ ವೈರನ್ನೆಲ್ಲ ಅಡಗಿಸಿದವರು ತನ್ನ ಮನೆಯಲ್ಲಿ ಒಂದನ್ನೂ ಅಡಗಿಸಿರಲಿಲ್ಲ. ಪ್ರತಿಯೊಂದಕ್ಕೂ ಹಳೆಯ ಸೀರೆಯ ಬೇರೆ ಬೇರೆ ಬಣ್ಣದ ಚೂರು ಕಟ್ಟಿತ್ತು. ಹೆಂಡತಿಗೆ ಕೇಳುವುದಿಲ್ಲ, ಕೂ ಎಂದು ಕರೆದು ಕೇಳಲೂ ಆಗುವುದಿಲ್ಲ; ತಾನು ಬೋಟಿನಲ್ಲಿದ್ದಾಗ ಏನಾದರೂ ಆದರೆ ಯಾವುದು ಎಲ್ಲಿಗೆ ಹೋಗುತ್ತದೆ ಎಂದು ಅವಳಿಗೆ ಕಣ್ಣಿಗೇ ಕಾಣಬೇಕು ಎಂದು ಹಾಗೆ ಮಾಡಿದ್ದರೆಂದು ಪಕ್ಕದವಳು ಹೇಳಿದಳು. ಬಾಗಿಲಲ್ಲಿ ಒಂದು ಗುಂಡಿ, ಅದನ್ನು ಒತ್ತಿದರೆ ಅಡಿಗೆಕೋಣೆಯಲ್ಲಿ ಒಂದು ಕೆಂಪು ದೀಪ. ನಾವು ಕೂತಿದ್ದಾಗ ಬಂದವರು ಯಾರೋ ತಿಳಿಯದೆ ಅದಕ್ಕೆ ಒರಗಿದರು. ಒಳಗಿನ ದೀಪ ಹೊತ್ತಿ ನೆಲದ ಮೇಲೆ ಕೆಂಪು ಬೆಳಕು ಬಿತ್ತು. ಅಷ್ಟೂ ಹೊತ್ತು ನೆಲ ನೋಡುತ್ತಿದ್ದ ಅವರ ಹೆಂಡತಿ ತಟ್ಟನೆ ಎದ್ದು ಬಾಗಿಲ ಕಡೆ ನೋಡಿದಳು.

ಮಕ್ಕಳೇ, ಅದನ್ನು ನೋಡಿ ಬಂದ ಮೇಲೆ ನನಗೆ ಮನೆಯಲ್ಲಿ ಕೂರಲು ಆಗಲಿಲ್ಲ. ಇನ್ನು ನನ್ನನ್ನು ಮತ್ತೆಂತ ಹೇಳುಕಿಲ್ಯಾ ಎಂದು ಕೇಳುವವರು ಯಾರೂ ಇಲ್ಲ. ನಾನಾಗಿ ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಅವರ ಉತ್ತರಕ್ರಿಯೆಯ ಬೊಜ್ಜ ಕಳೆದ ಮೇಲೆ ಒಂದು ಬೆಳಿಗ್ಗೆ ನಿಮ್ಮ ಮಾವ ಚಾ ಕುಡಿಯುತ್ತಿದ್ದ. ಅವನ ಮುಖ ನೋಡಿದರೆ ನಿಂತುಹೋಗುತ್ತದೆ ಎಂದು ಒಲೆಯ ಕಡೆ ತಿರುಗಿಕೊಂಡೇ ಹೇಳಿದೆ.

"ಮಗಾ, ಆ ಟಿವಿ ತೆಗಿ."

"ಎಂತ ಆಯ್ತಮ್ಮ, ಹಾಳಾಯ್ತಾ?"

"ಹಾಳಾಯ್ಲಿಲ್ಲೆ. ಅದ್ರ್ ಹಿಂದ್ ನಿನ್ ಅಪ್ಪಯ್ಯ ಇದ್ರ್."

ಅವನು ಲೋಟ ಕೆಳಗಿಡುವ ಶಬ್ದ ಕೇಳಿಸಿತು. ಅತ್ತೆ ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸಿದಳು. ಹೇಗೆ ಹೇಳಿದೆನೋ, ಎಷ್ಟು ಹೇಳಿದೆನೋ, ಎಣ್ಣೆ, ತಲೆ, ಬಲೆ ಎಂದು ಏನೇನೋ ಹೇಳಿದೆ. ಮುಗಿಸಿ ತಿರುಗಿದರೆ ಅವನು ಬಾಗಿಲಿಗೆ ಬಂದು ನಿಂತಿದ್ದ.

"ಹಾಕೂವತ್ತಿಗೆ ಹೇಳುಕಾಗ್ದಾ ಅಮ್ಮ?" ಎಂದ. ಬೈದದ್ದಲ್ಲ. ಸಣ್ಣವನಿದ್ದಾಗ ಕಾಲಿಗೆ ಮುಳ್ಳು ಹೊಕ್ಕರೆ ಮಾತಾಡುತ್ತಿದ್ದ ಸ್ವರ ಅದು.

ಬೈಂದೂರಿನಿಂದ ಬೇರೆ ಇಲೆಕ್ಟ್ರಿಷಿಯನ್ ಬಂದರು. ಒಳ್ಳೆಯ ಮನುಷ್ಯ. ಗೋಡೆ ನೋಡಿ, ಟಿವಿಯನ್ನು ಆ ಬದಿಗೆ ಒಯ್ಯಬೇಕಾದರೆ ವೈರಿಗೆ ತುಂಡು ಜೋಡಿಸಬೇಕು, ಮೇಲೆ ಪ್ಲಾಸ್ಟಿಕ್ ಪಟ್ಟಿ ಹೊಡೆಯಬೇಕು, ಸ್ವಲ್ಪ ಕಂಡೀತು ಎಂದರು. ಆಗಲಿ ಎಂದೆವು. ಅವರೂ ನಿಮ್ಮ ಮಾವನೂ ಸೇರಿ ಟಿವಿ ಇಳಿಸಿದರು. ಟಿವಿಯ ಹಿಂದೆ, ಕಬ್ಬಿಣದ ಚೌಕಟ್ಟಿಗೆ ನೀಲಿ ನೂಲಿನಿಂದ ಕಟ್ಟಿದ ವೈರಿನ ಒಂದು ಸುರುಳಿ ಇತ್ತು. ಬಲೆಯವರು ಹಾಕುವ ಗಂಟು.

"ಇಷ್ಟ್ ವೈರ್ ಯಾರ್ ಬಿಡ್ತ್ರ್ ಮಾರಾಯ್ರೆ!" ಎಂದು ಅವರು ಗಂಟು ಬಿಚ್ಚಿದರು. ಆಮೇಲೆ ಮುಂದಿನ ಸಂದನ್ನು ಸ್ಕ್ರೂಡ್ರೈವರಿನಿಂದ ಮೆಲ್ಲ ಚುಚ್ಚಿ ನೋಡಿದರು. ಸುಣ್ಣ ಅಲ್ಲ, ಬರೀ ಮಣ್ಣು. ಹಿಟ್ಟಿನ ಹಾಗೆ ಉದುರಿತು. ಮತ್ತೆ ಚುಚ್ಚಿದರು, ಮತ್ತೆ ಉದುರಿತು. ಅಡಿಗೆಕೋಣೆಯ ಬಾಗಿಲಿನ ಕಡೆಗೆ, ಟಿವಿ ಹೋಗಬೇಕಾದ ಜಾಗದ ಮಧ್ಯದವರೆಗೂ ಹಾಗೇ. ಕೈ ತಪ್ಪಿ ಬಂತ್ ಎಂದಿದ್ದರಲ್ಲ, ಆ ಸಂದು. ಸುರುಳಿಯ ವೈರನ್ನು ಅದರಲ್ಲಿ ಕೂರಿಸುತ್ತ ಹೋದರೆ ತುದಿ ಬಂದು ಸರಿಯಾಗಿ ಕೊನೆಗೇ ನಿಂತಿತು. ತುಂಡು ಜೋಡಿಸುವುದು ಬೇಕಾಗಲಿಲ್ಲ, ಪಟ್ಟಿಯೂ ಬೇಕಾಗಲಿಲ್ಲ. "ಟಿವಿ ಇಲ್ಲಿಗ್ ಬಪ್ಪುದ್ ಅವ್ರಿಗ್ ಮೊದ್ಲೇ ಗೊತ್ತಿತ್ತಾ?" ಎಂದು ಕೇಳಿದರು. ನಾನು ಹೂಂ ಎಂದೆ. ಆ ದಿನ ಒಂದೇ ಸಲಕ್ಕೆ ಉತ್ತರ ಬಂತು.

ಕೆಲಸದವರು ಹೋದ ಮೇಲೆ ನಿಮ್ಮ ಮಾವ ಖಾಲಿಯಾದ ಗೋಡೆಯ ಎದುರು ನಿಂತ. ಗುರುತು ಹಾಗೇ ಇತ್ತು, ಸ್ವಲ್ಪ ಧೂಳು ಹಿಡಿದಿತ್ತು ಅಷ್ಟೇ. ಅವನು ತಿರುಗಿ, ಗೋಡೆಗೆ ಬೆನ್ನು ಜಾರಿಸುತ್ತ ನೆಲಕ್ಕೆ ಕೂತು ಕಾಲು ಚಾಚಿದ. ಅವನ ತಲೆ ಕಪ್ಪು ಹೊಳಪಿಗಿಂತ ಸ್ವಲ್ಪ ಮೇಲೆ ಬಂತು. "ಅಪ್ಪಯ್ಯ ನಂಗಿಂತ ಗಿಡ್ಡ ಇದ್ರಾ ಅಮ್ಮ?" ಎಂದು ಕೇಳಿದ. ಆ ಸಂಜೆ ಟಿವಿ ಹಾಕಲಿಲ್ಲ. ನೀವು ಅಲ್ಲಿ ಒರಗಿ ಕೂರಬಹುದು, ಅಡ್ಡಿಲ್ಲ. ಚೆನ್ನಾಗಿ ಎಣ್ಣೆ ಹಾಕಿಕೊಂಡು ಒರಗಿ.

ಮರುದಿನ ನಾನು ಆ ನೀಲಿ ನೂಲನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಅವರ ಮನೆಗೆ ಹೋದೆ. ಬಾಗಿಲ ಗುಂಡಿ ಒತ್ತಲು ಕೈ ಬರಲಿಲ್ಲ, ಹಿಂಬದಿಯಿಂದ ಹೋಗಿ ಅವಳ ಕಣ್ಣಿಗೆ ಬೀಳುವಲ್ಲಿ ನಿಂತೆ. ನೂಲು ತೆಗೆದು ಕೈಯಲ್ಲಿಟ್ಟೆ. ಅವಳು ಅದರಲ್ಲಿ ಉಳಿದಿದ್ದ ಗಂಟಿನ ಸುಕ್ಕನ್ನು ಬೆರಳಲ್ಲಿ ಮುಟ್ಟಿ ನೋಡಿದಳು. ಯಾರ ಕೈಯ ಗಂಟು ಎಂದು ಅವಳಿಗೆ ಹೇಳಬೇಕಾಗಿರಲಿಲ್ಲ. ನಾನು ಗೋಡೆ ತೋರಿಸಿದೆ, ಚೌಕ ಬರೆದು ಟಿವಿ ತೋರಿಸಿದೆ, ಸುರುಳಿ ತೋರಿಸಿದೆ. ಆಮೇಲೆ ಎಷ್ಟು ವೈರು ಎಂದು ತೋರಿಸಲು ಎರಡೂ ಕೈ ಚಾಚಿದೆ. ಒಂದು ಮಾರು.

ಅವಳು ತಲೆ ಅಲ್ಲಾಡಿಸಿ ಇಲ್ಲ ಎಂದಳು. ಮೊಣಕೈಯಿಂದ ಬೆರಳ ತುದಿಯವರೆಗೆ ತೋರಿಸಿದಳು. ಅವರು ಎಲ್ಲ ಕಡೆಯೂ ಬಿಡುವುದು ಇಷ್ಟೇ, ಒಂದು ಮೊಳ. ನಾನು ಅಲ್ಲ ಎಂದು ಮತ್ತೆ ಕೈ ಚಾಚಿದೆ. ಅವಳು ನನ್ನ ಕೈಗಳನ್ನು ನೋಡಿದಳು, ನನ್ನ ಮುಖ ನೋಡಿದಳು, ಬಹಳ ಹೊತ್ತು ನೋಡಿದಳು. ಗಂಡನ ಹಾಗೆಯೇ ಮುಖ ಓದುವವಳು. ಆಮೇಲೆ ಎದ್ದು ಬಂದು ನನ್ನ ಎರಡೂ ಮಣಿಕಟ್ಟು ಹಿಡಿದು, ಇನ್ನೂ ಸ್ವಲ್ಪ ಅಗಲಕ್ಕೆ ಎಳೆದಳು. ಅವರ ಮಾರು ನನ್ನದಕ್ಕಿಂತ ದೊಡ್ಡದು, ಅವಳಿಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು.

ಹಾಗೇ ನಿಂತೆವು. ನನ್ನ ಕೈಗಳು ಅದುವರೆಗೆ ಯಾರ ಎದುರೂ ಅಷ್ಟು ಅಗಲ ತೆರೆದದ್ದಿರಲಿಲ್ಲ.